ಹಂಪಿಯ ವಿರೂಪಾಕ್ಷ ಬಜಾರ್: ಸಾಲುಮಂಟಪದ ಪೇಟೆಯ ಇತಿಹಾಸ, 2011ರ ತೆರವು ಮತ್ತು ಅರ್ಜಿದಾರರು ಅರಿಯಬೇಕಾದ ಅಂಶಗಳು

ಪೀಠಿಕೆ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳಲ್ಲಿ ವ್ಯಾಪಾರವು ಬಹುಕಾಲದಿಂದ ಪುಣ್ಯಸ್ಥಳಗಳ ಸುತ್ತಲೇ ಬೆಳೆದು ಬಂದಿದೆ. ಆಳಂದದ ಲಾಡ್ಲೆ ಮಶಾಯಿಖ್ ದರ್ಗಾ ಹಾಗೂ ಅಫಜಲಪುರ ತಾಲ್ಲೂಕಿನಲ್ಲಿ ಭೀಮಾ ಮತ್ತು ಅಮರ್ಜಾ ನದಿಗಳ ಸಂಗಮದ ಬಳಿಯಿರುವ ದೇವಲಗಾಣಗಾಪುರದ ದತ್ತಾತ್ರೇಯ ಕ್ಷೇತ್ರಗಳು ಇದಕ್ಕೆ ನಿದರ್ಶನಗಳು. ಕಲಬುರಗಿಯ ದಕ್ಷಿಣಕ್ಕೆ, ಭೀಮಾ ತೀರದಲ್ಲಿ, ಬಹಮನಿ ಸುಲ್ತಾನ ಫಿರೋಜ್ ಷಾ (ಆಳ್ವಿಕೆ 1397-1422) ಕಟ್ಟಿಸಿದ ಫಿರೋಜಾಬಾದ್ ನಗರದ ಅವಶೇಷಗಳಿವೆ. ಹಳೆಯ ಕಟ್ಟಡದ ಮಗ್ಗುಲಲ್ಲಿ ಅಂಗಡಿ, ಮನೆ ಅಥವಾ ವಸತಿಗೃಹ ಹೊಂದಿರುವವರು, ಹೊಸದಾಗಿ ಕಟ್ಟಬಯಸುವವರು ಇಂತಹ ಊರುಗಳಲ್ಲಿ ಸಹಜವಾಗಿಯೇ ಇರುತ್ತಾರೆ.

ಇಂತಹ ಪೇಟೆಯೊಂದು ಹೇಗೆ ಹುಟ್ಟಿತು, ಹೇಗೆ ಬರಿದಾಯಿತು, ಮತ್ತೆ ಹೇಗೆ ತುಂಬಿಕೊಂಡಿತು ಮತ್ತು ಕೊನೆಗೆ ಯಾವ ಕಾರಣದಿಂದ ತೆರವುಗೊಂಡಿತು ಎಂಬುದನ್ನು ತಿಳಿಯಲು ರಾಜ್ಯದಲ್ಲಿ ದೊರೆಯುವ ಪ್ರಮುಖ ನಿದರ್ಶನವೆಂದರೆ ಹಂಪಿಯ ವಿರೂಪಾಕ್ಷ ಬಜಾರ್. ಅದರ ಇತಿಹಾಸವನ್ನೂ, ಅದರಿಂದ ಮೇಲ್ಕಂಡ ತಾಲ್ಲೂಕುಗಳ ಅರ್ಜಿದಾರರು ಗಮನಿಸಬೇಕಾದ ಅಂಶಗಳನ್ನೂ ಈ ಕೆಳಗೆ ವಿವರಿಸಲಾಗಿದೆ.

1. ಸ್ಥಳ ಮತ್ತು ಸ್ವರೂಪ

ವಿರೂಪಾಕ್ಷ ಬಜಾರ್ ಅಥವಾ ಹಂಪಿ ಬಜಾರ್ ಈಗಿನ ವಿಜಯನಗರ ಜಿಲ್ಲೆಯ ಹೊಸಪೇಟೆ ತಾಲ್ಲೂಕಿನ ಹಂಪಿ ಗ್ರಾಮದಲ್ಲಿದೆ. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾಗುವವರೆಗೆ ಈ ಪ್ರದೇಶವು ಬಳ್ಳಾರಿ ಜಿಲ್ಲೆಗೆ ಸೇರಿತ್ತು. ವಿರೂಪಾಕ್ಷ ದೇವಾಲಯದ ಪೂರ್ವದ ಮಹಾಗೋಪುರದಿಂದ ಹೊರಟ ಬೀದಿಯು ಸುಮಾರು ಮುಕ್ಕಾಲು ಕಿಲೋಮೀಟರು ನೇರವಾಗಿ ಸಾಗಿ, ಮಾತಂಗ ಬೆಟ್ಟದ ಬುಡದಲ್ಲಿರುವ ಏಕಶಿಲೆಯ ನಂದಿಯ ಬಳಿ ಮುಗಿಯುತ್ತದೆ. ಈ ನಂದಿಯನ್ನು ಸ್ಥಳೀಯರು ಎದುರು ಬಸವಣ್ಣ ಎಂದು ಕರೆಯುತ್ತಾರೆ.

ಬೀದಿಯ ಎರಡೂ ಮಗ್ಗುಲಲ್ಲಿ ಕಲ್ಲಿನ ಸಾಲುಮಂಟಪಗಳಿವೆ. ಎತ್ತರದ ಜಗತಿ, ಅದರ ಮೇಲೆ ಚೌಕಾಕಾರದ ಕಣಶಿಲೆಯ ಕಂಬಗಳು, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ ಎಂಬ ಸರಳ ಕ್ರಮದಲ್ಲಿ ಇವುಗಳನ್ನು ನಿರ್ಮಿಸಲಾಗಿದೆ. ಇಲ್ಲಿ ಕಮಾನುಗಳಿಲ್ಲ, ಕಲ್ಲಿನ ಭಾರವೇ ಕಲ್ಲನ್ನು ಹಿಡಿದು ನಿಲ್ಲಿಸಿದೆ. ಪೂರ್ವದ ತುದಿಯ ಕಡೆಗೆ ಎರಡು ಅಂತಸ್ತಿನ ಮಂಟಪವೂ ಇದೆ. ಎರಡು ಕಂಬಗಳ ನಡುವಿನ ಒಂದು ಅಂಕಣವು ಒಬ್ಬ ವರ್ತಕನು ಸರಕು ಹರವಿ ಕುಳಿತುಕೊಳ್ಳಲು ಸಾಕಾಗುವಷ್ಟು ಅಗಲವಾಗಿದ್ದು, ಮುಂಭಾಗ ತೆರೆದಿದೆ. ಮಳೆ ಬಿಸಿಲುಗಳಿಂದ ನೆರಳು, ಬೀದಿಗೆ ತೆರೆದ ಮುಖ ಹಾಗೂ ಸಾಲಾದ ಜೋಡಣೆ ಈ ಪೇಟೆಯ ಮೂರು ಮುಖ್ಯ ಲಕ್ಷಣಗಳಾಗಿವೆ.

ಈ ಬೀದಿಯು ವ್ಯಾಪಾರಕ್ಕೆ ಮಾತ್ರ ಮೀಸಲಾಗಿರಲಿಲ್ಲ. ಇದು ದೇವರ ತೇರು ಎಳೆಯುವ ರಥಬೀದಿಯೂ ಆಗಿದೆ. ಚೈತ್ರ ಮಾಸದಲ್ಲಿ ನಡೆಯುವ ವಿರೂಪಾಕ್ಷ ಮತ್ತು ಪಂಪಾಂಬೆಯರ ರಥೋತ್ಸವವು ಇಂದಿಗೂ ಇದೇ ಬೀದಿಯಲ್ಲಿ ನೆರವೇರುತ್ತದೆ.

2. ವಿಜಯನಗರ ಕಾಲದ ಪೇಟೆಗಳು

ವಿರೂಪಾಕ್ಷ ಕ್ಷೇತ್ರವು ವಿಜಯನಗರ ಸಾಮ್ರಾಜ್ಯಕ್ಕಿಂತ ಹಳೆಯದು. ಹದಿನಾಲ್ಕನೆಯ ಶತಮಾನದಲ್ಲಿ ರಾಜಧಾನಿಯು ಇಲ್ಲಿ ನೆಲೆಗೊಂಡ ನಂತರ ದೇವಾಲಯವೂ ಅದರ ಮುಂದಿನ ಬೀದಿಯೂ ವಿಸ್ತಾರಗೊಂಡವು. ಕೃಷ್ಣದೇವರಾಯನು ತನ್ನ ಪಟ್ಟಾಭಿಷೇಕದ ಸಂದರ್ಭದಲ್ಲಿ ಇಲ್ಲಿಯ ರಂಗಮಂಟಪವನ್ನು ಕಟ್ಟಿಸಿದನೆಂದು ದೇವಾಲಯದ 1510ರ ಶಾಸನವು ತಿಳಿಸುತ್ತದೆ.

ನಗರದಲ್ಲಿ ಇಂತಹ ಪೇಟೆಗಳು ಹಲವು ಇದ್ದವು. ಪ್ರಮುಖ ದೇವಾಲಯವೊಂದನ್ನು ಕಟ್ಟಿಸಿದಾಗ ಅದರ ಮುಂದೆ ಸಾಲುಮಂಟಪಗಳ ಬೀದಿಯನ್ನು ನಿರ್ಮಿಸುವುದು ವಾಡಿಕೆಯಾಗಿತ್ತು. ಕೃಷ್ಣ ದೇವಾಲಯದ ಮುಂದೆ ಕೃಷ್ಣ ಬಜಾರ್, ಅಚ್ಯುತರಾಯನ ಕಾಲದ ತಿರುವೆಂಗಳನಾಥ ದೇವಾಲಯದ ಮುಂದೆ ಅಚ್ಯುತಪೇಟೆ ಮತ್ತು ವಿಠ್ಠಲ ದೇವಾಲಯದ ಮುಂದೆ ವಿಠ್ಠಲ ಬಜಾರ್ ಇದ್ದವು. ಇಮ್ಮಡಿ ದೇವರಾಯನು 1426ರಲ್ಲಿ ಪಾರ್ಶ್ವನಾಥ ಚೈತ್ಯಾಲಯವನ್ನು ಪಾನ್‌ಸುಪಾರಿ ಬಜಾರಿನಲ್ಲಿ ಕಟ್ಟಿಸಿದನೆಂದು ಶಾಸನವಿದೆ. ಎಲೆ ಅಡಿಕೆಯ ವ್ಯಾಪಾರವೇ ಒಂದು ಬೀದಿಗೆ ಹೆಸರು ನೀಡಿತ್ತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಝಾಕ್ ಇಲ್ಲಿಯ ಪೇಟೆಗಳ ಉದ್ದಗಲವನ್ನೂ, ಹೂವಿನ ಮತ್ತು ರತ್ನದ ವ್ಯಾಪಾರವನ್ನೂ ವರ್ಣಿಸಿದ್ದಾನೆ. ಸುಮಾರು 1520ರಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ನಗರದ ಬೀದಿಗಳಲ್ಲಿ ಮಾಣಿಕ್ಯ, ವಜ್ರ, ಮುತ್ತು ಹಾಗೂ ಬಟ್ಟೆಗಳು ದೊರೆಯುತ್ತಿದ್ದುದನ್ನೂ, ಸಂಜೆಯ ಸಂತೆಯಲ್ಲಿ ಕುದುರೆ, ನಿಂಬೆ, ಕಿತ್ತಳೆ, ದ್ರಾಕ್ಷಿ ಮತ್ತು ಸೌದೆಗಳು ಮಾರಾಟವಾಗುತ್ತಿದ್ದುದನ್ನೂ ಬರೆದಿದ್ದಾನೆ.

3. 1565ರ ನಂತರ

1565ರ ಜನವರಿಯಲ್ಲಿ ನಡೆದ ರಕ್ಕಸತಂಗಡಿ (ತಾಳೀಕೋಟೆ) ಯುದ್ಧದಲ್ಲಿ ವಿಜಯನಗರವು ಸೋತಿತು. ರಾಜಧಾನಿಯನ್ನು ತೊರೆಯಲಾಯಿತು. ವಿಠ್ಠಲ, ಕೃಷ್ಣ ಮತ್ತು ಅಚ್ಯುತಪೇಟೆಯ ಬೀದಿಗಳು ನಿರ್ಜನಗೊಂಡು ಕ್ರಮೇಣ ಮುಳ್ಳುಕಂಟಿಗಳಿಂದ ತುಂಬಿದವು. ಆದರೆ ವಿರೂಪಾಕ್ಷ ದೇವಾಲಯದಲ್ಲಿ ಪೂಜೆಯು ಮುಂದುವರಿಯಿತು. ಯಾತ್ರಿಕರು ಬರುತ್ತಲೇ ಇದ್ದುದರಿಂದ ಅದರ ಮುಂದಿನ ಬೀದಿಯು ಉಳಿದ ಪೇಟೆಗಳಂತೆ ಪೂರ್ಣವಾಗಿ ಬರಿದಾಗಲಿಲ್ಲ.

1799ರಲ್ಲಿ ಕಾಲಿನ್ ಮೆಕೆಂಜಿ ಹಂಪಿಯ ನಕ್ಷೆಯನ್ನು ಸಿದ್ಧಪಡಿಸಿದನು. 1800ರಲ್ಲಿ ಬಳ್ಳಾರಿ ಪ್ರದೇಶವು ಬ್ರಿಟಿಷರ ವಶವಾಗಿ ಮದರಾಸು ಆಡಳಿತಕ್ಕೆ ಸೇರಿತು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಛಾಯಾಚಿತ್ರಗಳು ಹಂಪಿಯ ಸ್ಮಾರಕಗಳ ಅಂದಿನ ಸ್ಥಿತಿಯನ್ನು ತೋರಿಸುವ ಅಮೂಲ್ಯ ದಾಖಲೆಗಳಾಗಿವೆ. 1917ರಲ್ಲಿ ಎ.ಎಚ್. ಲಾಂಗ್‌ಹರ್ಸ್ಟ್ ಅವರು ಹಂಪಿಯ ಅವಶೇಷಗಳ ಕುರಿತು ಗ್ರಂಥವನ್ನು ಪ್ರಕಟಿಸಿದರು. 1953ರಲ್ಲಿ ಬಳ್ಳಾರಿಯು ಮೈಸೂರು ರಾಜ್ಯಕ್ಕೆ ಸೇರಿತು.

4. ಮಂಟಪಗಳು ಮತ್ತೆ ಅಂಗಡಿಗಳಾದ ಬಗೆ

ಇಪ್ಪತ್ತನೆಯ ಶತಮಾನದಲ್ಲಿ ಕುಟುಂಬಗಳು ಸಾಲುಮಂಟಪಗಳಲ್ಲಿ ನೆಲೆಸತೊಡಗಿದವು. ಹೂವು, ಕಾಯಿ, ಕರ್ಪೂರ, ಕುಂಕುಮ ಮಾರುವವರೂ, ಯಾತ್ರಿಕರಿಗೆ ಊಟ ಉಪಾಹಾರ ಒದಗಿಸುವವರೂ ಇಲ್ಲಿ ಜೀವನೋಪಾಯ ಕಂಡುಕೊಂಡರು. ಮೊದಲು ತೆರೆದ ಮಂಟಪಕ್ಕೆ ತಡಿಕೆ, ಅನಂತರ ಮಣ್ಣಿನ ಗೋಡೆ, ಮುಂದೆ ಇಟ್ಟಿಗೆ ಮತ್ತು ಸಿಮೆಂಟಿನ ಗೋಡೆ ಎಂಬಂತೆ ಕಟ್ಟಡವು ಹಂತ ಹಂತವಾಗಿ ಬೆಳೆಯಿತು.

1986ರಲ್ಲಿ ಹಂಪಿಯ ಸ್ಮಾರಕಗಳ ಸಮೂಹವು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಪ್ರವಾಸಿಗರ ಸಂಖ್ಯೆ ಏರಿದಂತೆ ಬಜಾರಿನ ಸ್ವರೂಪವೂ ಬದಲಾಯಿತು. ವಸತಿಗೃಹ, ಉಪಾಹಾರ ಮಂದಿರ, ಕರಕುಶಲ ವಸ್ತುಗಳ ಮಳಿಗೆ, ಪುಸ್ತಕದಂಗಡಿ, ಸೈಕಲ್ ಬಾಡಿಗೆ ಮತ್ತು ಹಣ ವಿನಿಮಯ ಕೇಂದ್ರಗಳು ಬಂದವು. ಕೆಲವೆಡೆ ಮಂಟಪದ ಹಿಂಭಾಗಕ್ಕೂ ಮೇಲ್ಭಾಗಕ್ಕೂ ಕೋಣೆಗಳನ್ನು ಸೇರಿಸಲಾಯಿತು. ಪ್ರಾಚೀನ ಕಂಬಗಳು ಹೊಸ ಗೋಡೆಗಳ ಒಳಗೆ ಸೇರಿಹೋದವು.

ಇಲ್ಲಿಯ ನಿವಾಸಿಗಳಲ್ಲಿ ಅನೇಕರು ದಶಕಗಳಿಂದ ವಾಸವಾಗಿದ್ದವರು. ಮತದಾರರ ಪಟ್ಟಿಯಲ್ಲಿ ಹೆಸರು, ಪಡಿತರ ಚೀಟಿ, ವಿದ್ಯುತ್ ಸಂಪರ್ಕ, ಪಂಚಾಯಿತಿಗೆ ತೆರಿಗೆ ಕಟ್ಟಿದ ರಸೀದಿ ಇವುಗಳನ್ನು ಅವರು ತಮ್ಮ ವಾಸದ ಆಧಾರವಾಗಿ ಮುಂದಿಟ್ಟರು. ಆದರೆ ಇವು ವಾಸವನ್ನು ತೋರಿಸುವ ದಾಖಲೆಗಳೇ ಹೊರತು ಸ್ಮಾರಕದ ಮೇಲಿನ ಹಕ್ಕನ್ನಾಗಲಿ ಅದರಲ್ಲಿ ಕಟ್ಟಡ ಕಟ್ಟುವ ಅನುಮತಿಯನ್ನಾಗಲಿ ತೋರಿಸುವ ದಾಖಲೆಗಳಾಗಿರಲಿಲ್ಲ. ಮುಂದಿನ ಎಲ್ಲ ವಿವಾದಕ್ಕೆ ಈ ಅಂತರವೇ ಮೂಲವಾಯಿತು.

5. ಕಾನೂನಿನ ಚೌಕಟ್ಟು

ಹಂಪಿ ಬಜಾರಿಗೆ ಸಂಬಂಧಿಸಿದ ಮುಖ್ಯ ಕಾನೂನು ಹಂತಗಳು ಈ ಕೆಳಕಂಡಂತಿವೆ:

(ಅ) 1958ರ ಪ್ರಾಚೀನ ಸ್ಮಾರಕಗಳು ಮತ್ತು ಪುರಾತತ್ವ ಸ್ಥಳಗಳು ಹಾಗೂ ಅವಶೇಷಗಳ ಅಧಿನಿಯಮ (ಕೇಂದ್ರ).

(ಆ) 1961ರ ಕರ್ನಾಟಕ ಪ್ರಾಚೀನ ಮತ್ತು ಐತಿಹಾಸಿಕ ಸ್ಮಾರಕಗಳು ಹಾಗೂ ಪುರಾತತ್ವ ಸ್ಥಳಗಳು ಮತ್ತು ಅವಶೇಷಗಳ ಅಧಿನಿಯಮ (ರಾಜ್ಯ).

(ಇ) 1992ರ ಜೂನ್ 16ರ ಕೇಂದ್ರ ಸರ್ಕಾರದ ಅಧಿಸೂಚನೆ. ಇದರ ಮೂಲಕ ಕೇಂದ್ರ ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರು ನಿಷೇಧಿತ ಪ್ರದೇಶವೆಂದೂ, ಅದರಿಂದಾಚೆಗೆ 200 ಮೀಟರು ನಿಯಂತ್ರಿತ ಪ್ರದೇಶವೆಂದೂ ಗೊತ್ತುಪಡಿಸಲಾಯಿತು. 2010ರ ತಿದ್ದುಪಡಿಯು ಈ ವ್ಯವಸ್ಥೆಯನ್ನು ಅಧಿನಿಯಮದಲ್ಲಿಯೇ ಸೇರಿಸಿತು.

(ಈ) 2002ರ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ಅಧಿನಿಯಮ.

ತುಂಗಭದ್ರಾ ನದಿಗೆ ಅಡ್ಡಲಾಗಿ ಕೈಗೊಂಡ ಸೇತುವೆ ಕಾಮಗಾರಿಗಳ ಹಿನ್ನೆಲೆಯಲ್ಲಿ 1999ರಲ್ಲಿ ಹಂಪಿಯನ್ನು ಅಪಾಯದಲ್ಲಿರುವ ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಲಾಗಿತ್ತು. 2006ರಲ್ಲಿ ಆ ಪಟ್ಟಿಯಿಂದ ಕೈಬಿಡಲಾಯಿತು. ಈ ಅವಧಿಯಲ್ಲಿ ಅನಧಿಕೃತ ಕಟ್ಟಡಗಳ ಪ್ರಶ್ನೆಯು ಹೆಚ್ಚಿನ ಗಮನ ಸೆಳೆಯಿತು.

6. 2011ರ ತೆರವು ಕಾರ್ಯಾಚರಣೆ

ಸ್ಮಾರಕಗಳ ಒತ್ತುವರಿಯ ವಿಷಯವು ಕರ್ನಾಟಕ ಉಚ್ಚ ನ್ಯಾಯಾಲಯದ ಮುಂದೆ ಬಂದಿತು. ನ್ಯಾಯಾಲಯದ ಆದೇಶದ ಆಧಾರದ ಮೇಲೆ ಜಿಲ್ಲಾಡಳಿತವು 2011ರ ಜುಲೈ 29ರಂದು ಬಜಾರಿನಲ್ಲಿ ತೆರವು ಕಾರ್ಯಾಚರಣೆ ಕೈಗೊಂಡಿತು. ಜೆಸಿಬಿ ಯಂತ್ರಗಳ ನೆರವಿನಿಂದ ಮಂಟಪಗಳ ಮುಂದೆ, ಒಳಗೆ ಮತ್ತು ಮೇಲೆ ಕಟ್ಟಿದ್ದ ಅಂಗಡಿ, ಮನೆ ಹಾಗೂ ಉಪಾಹಾರ ಮಂದಿರಗಳನ್ನು ಕೆಡವಲಾಯಿತು. ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ಇದರಿಂದ ಬಾಧಿತವಾದವು.

ಸಾಮಾನು ಸಾಗಿಸಿಕೊಳ್ಳಲು ಒಂದು ದಿನದ ಅವಕಾಶವೂ ದೊರೆಯಲಿಲ್ಲವೆಂದು ನಿವಾಸಿಗಳು ದೂರಿದರು. ವರ್ಷಗಟ್ಟಲೆ ನಡೆಸಿಕೊಂಡು ಬಂದಿದ್ದ ಅಂಗಡಿಯೂ ವಾಸದ ಮನೆಯೂ ಒಂದೇ ಕಟ್ಟಡದಲ್ಲಿದ್ದುದರಿಂದ ಅನೇಕ ಕುಟುಂಬಗಳು ಆಶ್ರಯವನ್ನೂ ಆದಾಯವನ್ನೂ ಒಂದೇ ದಿನ ಕಳೆದುಕೊಂಡವು. ಪ್ರಾಚೀನ ಕಂಬಗಳ ಸಮೀಪದಲ್ಲಿಯೇ ಭಾರಿ ಯಂತ್ರಗಳನ್ನು ಬಳಸಿದ ಕುರಿತೂ ಆಕ್ಷೇಪಗಳು ಕೇಳಿಬಂದವು.

ಇಲ್ಲಿ ಒಂದು ಅಂಶವನ್ನು ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ. ಕೆಡವಲಾದುದು ವಿಜಯನಗರ ಕಾಲದ ಸಾಲುಮಂಟಪವಲ್ಲ. ಅದನ್ನು ಆಶ್ರಯಿಸಿ ಬೆಳೆದಿದ್ದ ಇತ್ತೀಚಿನ ಬಜಾರು. ಕಲ್ಲಿನ ಪೇಟೆ ಉಳಿಯಿತು, ಅದರೊಳಗಿನ ವ್ಯಾಪಾರ ಹೋಯಿತು.

7. ಪುನರ್ವಸತಿ

ಸ್ಥಳಾಂತರಗೊಂಡ ಕುಟುಂಬಗಳಿಗಾಗಿ ಹಂಪಿಯಿಂದ ಸುಮಾರು 4 ಕಿಲೋಮೀಟರು ದೂರದ ಕಡ್ಡಿರಾಂಪುರದ ಬಳಿ ನಿವೇಶನಗಳನ್ನು ಗುರುತಿಸಲಾಯಿತು. ಪರಿಹಾರದ ಮೊತ್ತ, ನಿವೇಶನಕ್ಕೆ ಯಾರು ಅರ್ಹರು ಮತ್ತು ಮೂಲಸೌಕರ್ಯಗಳ ಕುರಿತು ತಕರಾರುಗಳು ಬಹುಕಾಲ ಮುಂದುವರಿದವು.

ಪುನರ್ವಸತಿಯಲ್ಲಿ ಮನೆ ಮತ್ತು ಮಳಿಗೆಗಳ ಅಗತ್ಯ ಒಂದೇ ಆಗಿರುವುದಿಲ್ಲ. ಮನೆಯನ್ನು ನಾಲ್ಕು ಕಿಲೋಮೀಟರು ದೂರದಲ್ಲಿ ಕಟ್ಟಿಕೊಳ್ಳಬಹುದು. ಆದರೆ ಹೂವು ಕಾಯಿ ಮಾರುವವರಿಗೆ ಗಿರಾಕಿಯು ದೇವಾಲಯದ ಬಾಗಿಲಲ್ಲಿಯೇ ಇರುತ್ತಾನೆ. ಬಾಡಿಗೆಗೆ ಇದ್ದವರು, ಅಂಗಡಿಯಲ್ಲಿ ಕೂಲಿಗಿದ್ದವರು ಹಾಗೂ ತಳ್ಳುಗಾಡಿಯವರು ಕಟ್ಟಡದ ಮಾಲೀಕರಲ್ಲದಿದ್ದರೂ ಜೀವನೋಪಾಯ ಕಳೆದುಕೊಂಡವರೇ ಆಗಿರುತ್ತಾರೆ.

8. ಎರಡು ದೃಷ್ಟಿಗಳು

ತೆರವಿನ ಕುರಿತು ಎರಡು ಅಭಿಪ್ರಾಯಗಳು ಇಂದಿಗೂ ಇವೆ.

ಮೊದಲನೆಯದರ ಪ್ರಕಾರ, ಕಂಬಗಳಿಗೆ ಗೋಡೆ ಕಟ್ಟಿ, ಮೇಲ್ಛಾವಣಿಗೆ ಭಾರ ಹೇರಿ, ಒಲೆಯ ಹೊಗೆ ಮತ್ತು ಬಚ್ಚಲ ನೀರಿಗೆ ಕಲ್ಲನ್ನು ಒಡ್ಡಿದರೆ ಸ್ಮಾರಕವು ಉಳಿಯಲಾರದು. ಒಬ್ಬರಿಗೆ ನೀಡಿದ ವಿನಾಯಿತಿಯನ್ನು ಎಲ್ಲರಿಗೂ ನೀಡಬೇಕಾಗುತ್ತದೆ.

ಎರಡನೆಯದರ ಪ್ರಕಾರ, ವಿರೂಪಾಕ್ಷ ಬಜಾರು ಮೂಲತಃ ಮಾರುಕಟ್ಟೆಯೇ ಆಗಿತ್ತು. ಅಲ್ಲಿ ಜನರೂ ವ್ಯಾಪಾರವೂ ಇರುವುದು ಅದರ ಸ್ವಭಾವಕ್ಕೆ ವಿರುದ್ಧವಲ್ಲ. ಹೊಸ ಗೋಡೆಗಳನ್ನು ತೆಗೆದು, ತೆರೆದ ಮಂಟಪದಲ್ಲಿ ನಿಯಂತ್ರಿತ ವ್ಯಾಪಾರಕ್ಕೆ ಅವಕಾಶ ನೀಡುವ ಮಧ್ಯಮ ಮಾರ್ಗವನ್ನು ಪರಿಶೀಲಿಸಬಹುದಾಗಿತ್ತು.

ಜನವಸತಿ ಇಲ್ಲದಿದ್ದ ಮಾತ್ರಕ್ಕೆ ಕಟ್ಟಡವು ಸುರಕ್ಷಿತವಾಗುವುದಿಲ್ಲ ಎಂಬುದನ್ನೂ ಗಮನಿಸಬೇಕಾಗಿದೆ. 2024ರ ಮೇ ತಿಂಗಳಿನ ಮಳೆಯಲ್ಲಿ ಇದೇ ಬಜಾರಿನ ಸಾಲುಮಂಟಪದ ಒಂದು ಭಾಗವು ಕುಸಿದು ಬಿದ್ದಿತು.

ಬಜಾರಿನ ನಂತರ ನದಿಯ ಆಚೆ ದಡದ ವಿರೂಪಾಪುರಗಡ್ಡೆಯಲ್ಲಿದ್ದ ರೆಸಾರ್ಟುಗಳ ಸರದಿ ಬಂದಿತು. ಅವುಗಳ ತೆರವಿಗೆ ಸಂಬಂಧಿಸಿದ ಉಚ್ಚ ನ್ಯಾಯಾಲಯದ ಆದೇಶವನ್ನು 2020ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. ಮಾರ್ಚ್ ತಿಂಗಳಿನಲ್ಲಿ ಕಟ್ಟಡಗಳನ್ನು ತೆರವುಗೊಳಿಸಲಾಯಿತು.

9. ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಅರ್ಜಿದಾರರ ಗಮನಕ್ಕೆ

ಹಳೆಯ ಕಟ್ಟಡ, ಗುಡಿ, ದರ್ಗಾ, ಕೋಟೆ ಅಥವಾ ಅವಶೇಷದ ಸಮೀಪ ಮನೆ ಅಥವಾ ಮಳಿಗೆ ಕಟ್ಟಬಯಸುವವರು ಕಟ್ಟಡ ಪರವಾನಗಿಗೆ ಅರ್ಜಿ ಸಲ್ಲಿಸುವ ಮುನ್ನ ಈ ಕೆಳಕಂಡ ಅಂಶಗಳನ್ನು ಖಚಿತಪಡಿಸಿಕೊಳ್ಳುವುದು ಸೂಕ್ತ.

(1) ಸ್ಮಾರಕದ ಸ್ಥಾನಮಾನ: ಹಳೆಯದಾದ ಎಲ್ಲ ಕಟ್ಟಡಗಳೂ ಸಂರಕ್ಷಿತ ಸ್ಮಾರಕಗಳಲ್ಲ. ಅದು ಕೇಂದ್ರ ಸಂರಕ್ಷಿತವೇ, ರಾಜ್ಯ ಸಂರಕ್ಷಿತವೇ ಅಥವಾ ಯಾವುದೂ ಅಲ್ಲವೇ ಎಂಬುದನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಅಥವಾ ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯಿಂದ ಲಿಖಿತವಾಗಿ ತಿಳಿದುಕೊಳ್ಳಬೇಕು. ರಾಜ್ಯ ಸಂರಕ್ಷಿತ ಸ್ಮಾರಕಗಳಿಗೆ 1961ರ ಅಧಿನಿಯಮ ಮತ್ತು ಅದರ ನಿಯಮಗಳನ್ನು ಪ್ರತ್ಯೇಕವಾಗಿ ನೋಡಬೇಕು.

(2) ದೂರ: ಕೇಂದ್ರ ಸಂರಕ್ಷಿತ ಸ್ಮಾರಕವಾಗಿದ್ದಲ್ಲಿ ದೂರವನ್ನು ಸಂರಕ್ಷಿತ ಪ್ರದೇಶದ ಗಡಿಯಿಂದ ಅಳೆಯಲಾಗುತ್ತದೆ, ಗೋಪುರ ಅಥವಾ ಗುಮ್ಮಟದ ನಡುವಿನಿಂದಲ್ಲ. ಮೊದಲ 100 ಮೀಟರಿನಲ್ಲಿ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ. ಅದರಾಚೆಗಿನ 200 ಮೀಟರಿನಲ್ಲಿ ಸಕ್ಷಮ ಪ್ರಾಧಿಕಾರಿಯ ಅನುಮತಿ ಪಡೆದು ಕಟ್ಟಬಹುದು.

(3) ದುರಸ್ತಿ: ನಿಷೇಧಿತ ಪ್ರದೇಶದಲ್ಲಿ 1992ರ ಜೂನ್ 16ಕ್ಕೂ ಮೊದಲೇ ಇದ್ದ ಕಟ್ಟಡದ ದುರಸ್ತಿ ಅಥವಾ ನವೀಕರಣಕ್ಕೆ ಅರ್ಜಿ ಸಲ್ಲಿಸಬಹುದು. ಅಂತಸ್ತು ಏರಿಸುವುದು ಅಥವಾ ಪಕ್ಕಕ್ಕೆ ವಿಸ್ತರಿಸುವುದು ದುರಸ್ತಿ ಎನಿಸುವುದಿಲ್ಲ. ಕಟ್ಟಡವು ಆ ದಿನಾಂಕಕ್ಕೂ ಹಿಂದಿನದೆಂದು ತೋರಿಸುವ ಹಳೆಯ ದಾಖಲೆ ಮತ್ತು ಛಾಯಾಚಿತ್ರಗಳನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು.

(4) ಕಾಲಮಿತಿ: ಅಧಿನಿಯಮದ ಪ್ರಕಾರ ಸಕ್ಷಮ ಪ್ರಾಧಿಕಾರಿಯು ಅರ್ಜಿಯನ್ನು 15 ದಿನಗಳೊಳಗೆ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳುಹಿಸಬೇಕು. ಪ್ರಾಧಿಕಾರವು 2 ತಿಂಗಳೊಳಗೆ ಅಭಿಪ್ರಾಯ ತಿಳಿಸಬೇಕು. ಅದು ಕೈಸೇರಿದ 1 ತಿಂಗಳೊಳಗೆ ಅನುಮತಿ ಅಥವಾ ನಿರಾಕರಣೆಯನ್ನು ಅರ್ಜಿದಾರರಿಗೆ ತಿಳಿಸಬೇಕು. ನಿರಾಕರಿಸುವ ಮುನ್ನ ಅಹವಾಲು ಹೇಳಿಕೊಳ್ಳಲು ಅವಕಾಶ ನೀಡಿ ಲಿಖಿತ ಆದೇಶ ಹೊರಡಿಸಬೇಕು.

(5) ದಂಡನೆ: ನಿಷೇಧಿತ ಪ್ರದೇಶದಲ್ಲಿ ಕಟ್ಟಡ ಕಟ್ಟಿದವರಿಗೆ 2 ವರ್ಷದವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಲು ಅಧಿನಿಯಮದಲ್ಲಿ ಅವಕಾಶವಿದೆ.

(6) ಬೀದಿ ಬದಿ ವ್ಯಾಪಾರಿಗಳು: 2014ರ ಬೀದಿ ವ್ಯಾಪಾರಿಗಳ (ಜೀವನೋಪಾಯ ಸಂರಕ್ಷಣೆ ಮತ್ತು ಬೀದಿ ವ್ಯಾಪಾರ ನಿಯಂತ್ರಣ) ಅಧಿನಿಯಮವು ಹಂಪಿ ಬಜಾರಿನ ತೆರವಿನ ನಂತರ ಬಂದುದಾಗಿದೆ. ಇದರನ್ವಯ ಸಮೀಕ್ಷೆ, ವ್ಯಾಪಾರ ಪ್ರಮಾಣಪತ್ರ ಮತ್ತು ಸ್ಥಳಾಂತರಕ್ಕೆ ಮುನ್ನ 30 ದಿನಗಳ ನೋಟಿಸು ಕಡ್ಡಾಯವಾಗಿದೆ. ಈ ಅಧಿನಿಯಮವು ನಗರ ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಗೆ ಅನ್ವಯಿಸುತ್ತದೆ. ಗ್ರಾಮ ಪಂಚಾಯಿತಿ ವ್ಯಾಪ್ತಿಯ ಕ್ಷೇತ್ರಗಳಲ್ಲಿ ವ್ಯಾಪಾರ ಮಾಡುವವರು ಆಯಾ ಪಂಚಾಯಿತಿಯಿಂದ ಪರವಾನಗಿ ಪಡೆದು, ಅದರ ಪ್ರತಿಯನ್ನು ಇಟ್ಟುಕೊಳ್ಳುವುದು ಒಳಿತು.

(7) ಭೂಸ್ವಾಧೀನ: ಸರ್ಕಾರವು ಜಮೀನನ್ನು ಸ್ವಾಧೀನಪಡಿಸಿಕೊಳ್ಳುವ ಪ್ರಕರಣಗಳಲ್ಲಿ 2013ರ ಭೂಸ್ವಾಧೀನ, ಪುನರ್ವಸತಿ ಮತ್ತು ಪುನರ್ವ್ಯವಸ್ಥೆ ಅಧಿನಿಯಮವು ಅನ್ವಯಿಸುತ್ತದೆ. ಮಾಲೀಕರಲ್ಲದಿದ್ದರೂ, ಸ್ವಾಧೀನಕ್ಕೆ ಮುಂಚಿನ 3 ವರ್ಷಗಳಿಂದ ಅಲ್ಲಿ ದುಡಿದು ಅದನ್ನೇ ಮುಖ್ಯ ಜೀವನೋಪಾಯವಾಗಿ ಅವಲಂಬಿಸಿರುವ ಬಾಡಿಗೆದಾರ ಮತ್ತು ಕುಶಲಕರ್ಮಿ ಕುಟುಂಬಗಳನ್ನೂ ಬಾಧಿತ ಕುಟುಂಬಗಳೆಂದು ಅದು ಪರಿಗಣಿಸುತ್ತದೆ. ಒತ್ತುವರಿಯ ತೆರವು ಮತ್ತು ಭೂಸ್ವಾಧೀನ ಬೇರೆ ಬೇರೆ ಎಂಬುದನ್ನು ಗಮನಿಸತಕ್ಕದ್ದು.

10. ಸಾಮಾನ್ಯವಾಗಿ ಏಳುವ ಪ್ರಶ್ನೆಗಳು

ಪ್ರಶ್ನೆ: ಬಹಳ ವರ್ಷಗಳಿಂದ ತೆರಿಗೆ ಕಟ್ಟುತ್ತಿರುವವರಿಗೆ ಕಟ್ಟಡದ ಹಕ್ಕು ದೊರೆಯುವುದೇ?
ಉತ್ತರ: ತೆರಿಗೆ ರಸೀದಿ ಮಾತ್ರದಿಂದ ಹಕ್ಕು ಸಿದ್ಧವಾಗುವುದಿಲ್ಲ. ನೋಂದಾಯಿತ ಪತ್ರ, ಹಂಚಿಕೆ ಆದೇಶ ಅಥವಾ ಹಕ್ಕುಪತ್ರ ಅಗತ್ಯ. ಆದರೆ ಪುನರ್ವಸತಿಯ ಸಂದರ್ಭದಲ್ಲಿ ವಾಸದ ಅವಧಿಯನ್ನು ತೋರಿಸಲು ರಸೀದಿಗಳು ಉಪಯುಕ್ತವಾಗುತ್ತವೆ. ಅವುಗಳನ್ನು ಕಳೆಯಬಾರದು.

ಪ್ರಶ್ನೆ: ಪುರಸಭೆ ಅಥವಾ ಪಂಚಾಯಿತಿ ಪರವಾನಗಿ ನೀಡಿದ್ದರೆ ಪುರಾತತ್ವ ಅನುಮತಿ ಬೇಕೇ?
ಉತ್ತರ: ಬೇಕು. ಎರಡೂ ಪ್ರತ್ಯೇಕ. ಒಂದು ಇದ್ದ ಮಾತ್ರಕ್ಕೆ ಇನ್ನೊಂದು ಇದ್ದಂತಾಗುವುದಿಲ್ಲ.

ಪ್ರಶ್ನೆ: ತೆರವಿನ ನೋಟಿಸು ಬಂದಲ್ಲಿ ಏನು ಮಾಡಬೇಕು?
ಉತ್ತರ: ನೋಟಿಸಿನಲ್ಲಿ ನಮೂದಿಸಿದ ಅಧಿನಿಯಮ, ಕಲಂ ಮತ್ತು ಉತ್ತರಿಸಬೇಕಾದ ದಿನಾಂಕವನ್ನು ಮೊದಲು ನೋಡಬೇಕು. ಗಡುವಿನೊಳಗೆ ದಾಖಲೆಗಳೊಂದಿಗೆ ಲಿಖಿತ ಉತ್ತರ ನೀಡಿ ಸ್ವೀಕೃತಿ ಪಡೆಯಬೇಕು. ಅರ್ಹರು ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತ ಕಾನೂನು ನೆರವು ಪಡೆಯಬಹುದು.

ಪ್ರಶ್ನೆ: ಬಾಡಿಗೆದಾರರು ಯಾವ ದಾಖಲೆ ಇಟ್ಟುಕೊಳ್ಳಬೇಕು?
ಉತ್ತರ: ಬಾಡಿಗೆ ಕರಾರು ಪತ್ರ, ಬಾಡಿಗೆ ಪಾವತಿಸಿದ ರಸೀದಿ, ವ್ಯಾಪಾರ ಪರವಾನಗಿ ಮತ್ತು ಮಳಿಗೆಯ ವಿದ್ಯುತ್ ಬಿಲ್ಲು.

11. ಸಮಾರೋಪ

ವಿರೂಪಾಕ್ಷ ಬಜಾರಿನ ಸಾಲುಮಂಟಪಗಳು ಶತಮಾನಗಳ ಹಿಂದೆ ವ್ಯಾಪಾರಕ್ಕೂ ಉತ್ಸವಕ್ಕೂ ನೆರಳಾಗಿದ್ದವು. ಅಲ್ಲಿ ನೆಲೆಸಿದ ಕುಟುಂಬಗಳು ಮೊದಲ ಗೋಡೆಯನ್ನು ಎಬ್ಬಿಸಿದ ದಿನ ಅದು ಅನುಮತಿ ಬೇಕಾದ ಕೆಲಸವೆಂದು ತಿಳಿದಿದ್ದರೆ ಮತ್ತು ಸಂಬಂಧಿಸಿದ ಕಚೇರಿಗಳು ಅಂದೇ ತಿಳಿಸಿದ್ದರೆ, 2011ರ ಜುಲೈ 29ರಂದು ಕೆಡವಬೇಕಾದ ಕಟ್ಟಡಗಳು ಅಷ್ಟೊಂದು ಇರುತ್ತಿರಲಿಲ್ಲ. ದಾಖಲೆಯನ್ನು ಕಟ್ಟಡಕ್ಕೆ ಮುನ್ನವೇ ಪಡೆಯುವುದು ಸುಲಭ. ಕಟ್ಟಿದ ಮೇಲೆ ಪಡೆಯುವುದು ಬಹುಪಾಲು ಅಸಾಧ್ಯ. ಆದುದರಿಂದ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಸಾರ್ವಜನಿಕರು ಹಳೆಯ ಕಟ್ಟಡಗಳ ಸಮೀಪ ಯಾವುದೇ ಕಾಮಗಾರಿ ಆರಂಭಿಸುವ ಮುನ್ನ ಸ್ಮಾರಕದ ಸ್ಥಾನಮಾನ, ಗಡಿಯಿಂದ ದೂರ ಹಾಗೂ ತಮ್ಮ ಹಕ್ಕಿನ ದಾಖಲೆ ಈ ಮೂರನ್ನೂ ಪರಿಶೀಲಿಸಿಕೊಂಡು ಅರ್ಜಿ ಸಲ್ಲಿಸುವುದು.